ಕಂಪೈಲರ್‌ನ ಕಣ್ಣಿಗೆ ಬೀಳದ ಕರೆ

ಗೋಣಿಕೊಪ್ಪದ ಕಾಫಿ ವ್ಯಾಪಾರಿಯೊಬ್ಬರ ಕಚೇರಿಯ ತಂತ್ರಾಂಶವನ್ನು ನಾನು ನೋಡಿಕೊಳ್ಳುತ್ತೇನೆ. 50 ಕೆ.ಜಿ. ಚೆರಿ (ಒಣಗಿಸಿದ ಕಾಫಿ ಹಣ್ಣು) ಚೀಲಕ್ಕೆ ಔಟ್‌ಟರ್ನ್ (ಸಿಪ್ಪೆ ತೆಗೆದ ಮೇಲೆ ಸಿಗುವ ಬೀಜದ ತೂಕ) ಎಷ್ಟು, ಅದರ ಮೇಲೆ ಬೆಳೆಗಾರರಿಗೆ ಸಲ್ಲಬೇಕಾದ ಹಣವೆಷ್ಟು ಎಂಬ ಲೆಕ್ಕವೆಲ್ಲ ಜಾವಾದಲ್ಲಿದ್ದು, ಜಿಡಬ್ಲ್ಯೂಟಿ (ಗೂಗಲ್ ವೆಬ್ ಟೂಲ್‌ಕಿಟ್) ಎಂಬ ಸಾಧನ ಅದನ್ನು ಬ್ರೌಸರ್‌ನಲ್ಲಿ ಓಡುವ ಜಾವಾಸ್ಕ್ರಿಪ್ಟ್‌ಗೆ ಕಂಪೈಲ್ ಮಾಡುತ್ತದೆ, ಅಂದರೆ ಪರಿವರ್ತಿಸುತ್ತದೆ. ತೂಕದವರು ಬಳಸುವ ಪುಟವನ್ನು ಮಾತ್ರ ನೇರವಾಗಿ ಜಾವಾಸ್ಕ್ರಿಪ್ಟ್‌ನಲ್ಲೇ ಬರೆದಿದ್ದೆವು. ಅಲ್ಲಿಂದ ಹಣ ಲೆಕ್ಕ ಹಾಕುವ ಮೆಥಡನ್ನು (ಒಂದು ಕೆಲಸ ಮಾಡುವ ಜಾವಾ ಕೋಡಿನ ತುಣುಕನ್ನು) ಕರೆದರೆ, ಅಂಥ ಫಂಕ್ಷನ್ನೇ ಇಲ್ಲವೆಂದು ಬ್ರೌಸರ್ ಹೇಳಿತು.

ತಪ್ಪು ಪುಟದ್ದಲ್ಲ. ಕಂಪೈಲರ್ ಇಡೀ ಜಾವಾ ಪ್ರೋಗ್ರಾಮನ್ನು ಒಟ್ಟಿಗೆ ಪರಿಶೀಲಿಸಿ, ಯಾರೂ ಕರೆಯದ ಮೆಥಡ್‌ಗಳನ್ನು ಕಿತ್ತುಹಾಕುತ್ತದೆ, ಉಳಿದವುಗಳ ಹೆಸರನ್ನು ಒಂದೆರಡು ಅಕ್ಷರಗಳಿಗೆ ಮೊಟಕುಗೊಳಿಸುತ್ತದೆ. ನಾವು ಕೈಯಾರೆ ಬರೆದ ಜಾವಾಸ್ಕ್ರಿಪ್ಟ್ ಅದರ ಕಣ್ಣಿಗೆ ಬೀಳುವುದೇ ಇಲ್ಲ. ಆದ್ದರಿಂದ ಯಾವ ಮೆಥಡ್ ಹೊರಗಿನವರಿಗೂ ಸಿಗಬೇಕು ಎಂಬುದನ್ನು ನಾವೇ ಹೇಳಬೇಕು.

ಹಳೆಯ ದಾರಿ ಜೆಎಸ್‌ಎನ್‌ಐ, ಅಂದರೆ ಜಾವಾ ಕೋಡಿನೊಳಗೇ ಜಾವಾಸ್ಕ್ರಿಪ್ಟ್ ಬರೆಯುವ ವಿಧಾನ. ಅಲ್ಲಿ ಮೆಥಡನ್ನು ಡಾಲರ್-ಎಂಟ್ರಿ ($entry) ಎಂಬ ಜಿಡಬ್ಲ್ಯೂಟಿ ಫಂಕ್ಷನ್‌ನಲ್ಲಿ ಸುತ್ತಿ, ಪುಟದ ಕೋಡಿಗೆಲ್ಲ ಸಿಗುವ 'ವಿಂಡೋ' ಎಂಬ ಆಬ್ಜೆಕ್ಟ್‌ಗೆ ಅಂಟಿಸುತ್ತೇವೆ. ಸುತ್ತದಿದ್ದರೆ ಒಳಗೆ ಎದ್ದ ಎಕ್ಸೆಪ್ಷನ್ (ಓಡುವಾಗಿನ ದೋಷ) ಅದನ್ನು ಹಿಡಿಯುವ ನಮ್ಮ ಹ್ಯಾಂಡ್ಲರ್‌ಗೆ ತಲುಪುವುದಿಲ್ಲ. 2016ರಲ್ಲಿ ಬಂದ ಜಿಡಬ್ಲ್ಯೂಟಿ 2.8 ಆವೃತ್ತಿಯಿಂದ ಜೆಎಸ್‌ಇಂಟರಾಪ್ ಎಂಬ ಹೊಸ ದಾರಿ ಇದೆ: ಕ್ಲಾಸಿನ (ಮೆಥಡ್‌ಗಳ ಗುಂಪಿನ) ಮೇಲೆ ಜೆಎಸ್‌ಟೈಪ್ ಎಂಬ ಅನೊಟೇಷನ್ (ಕಂಪೈಲರ್‌ಗೆ ಬರೆಯುವ ಗುರುತು) ಬರೆದರೆ ಅದರ ಪಬ್ಲಿಕ್ ಮೆಥಡ್‌ಗಳ ಹೆಸರು ಇದ್ದಂತೆಯೇ ಉಳಿಯುತ್ತದೆ. ನಾನು ಅದನ್ನೇ ಬರೆದಿದ್ದೆ. ಆದರೆ ಕಂಪೈಲ್ ಮಾಡುವಾಗ 'ಜನರೇಟ್ ಜೆಎಸ್‌ಇಂಟರಾಪ್ ಎಕ್ಸ್‌ಪೋರ್ಟ್ಸ್' ಎಂಬ ಆಯ್ಕೆಯನ್ನು ಕೊಡದಿದ್ದರೆ ಏನೂ ಹೊರಗೆ ಬರುವುದಿಲ್ಲ, ದೋಷದ ಸಂದೇಶವೂ ಕಾಣುವುದಿಲ್ಲ. ಒಂದು ಇಡೀ ಮಳೆಯ ಮಧ್ಯಾಹ್ನ ಅದನ್ನು ಹುಡುಕುವುದರಲ್ಲೇ ಹೋಯಿತು.

ಮೆಥಡ್ ಸಿಕ್ಕ ಮೇಲೂ ಮೊತ್ತ ಸರಿಯಾಗಿ ಬರಲಿಲ್ಲ. ಪೈಸೆಯ ಲೆಕ್ಕವನ್ನು ನಾನು 'ಲಾಂಗ್' ಎಂಬ ಪೂರ್ಣಾಂಕ ಬಗೆಯಲ್ಲಿ ಇಟ್ಟಿದ್ದೆ. ಜಾವಾದ ಲಾಂಗ್ 64 ಬಿಟ್‌ನದು; ಜಾವಾಸ್ಕ್ರಿಪ್ಟ್‌ನ ಸಂಖ್ಯೆಯಾದರೋ 9007199254740991ರವರೆಗಿನ ಪೂರ್ಣಾಂಕಗಳನ್ನು ಮಾತ್ರ ನಿಖರವಾಗಿ ಹಿಡಿಯಬಲ್ಲದು. ಹಾಗಾಗಿ ಕಂಪೈಲರ್ ಲಾಂಗ್ ಅನ್ನು ತನ್ನದೇ ರೂಪದಲ್ಲಿ ಅನುಕರಿಸುತ್ತದೆ, ಹೊರಗಿನ ಕೋಡ್ ಅದನ್ನು ನಂಬುವಂತಿಲ್ಲ. ಗಡಿ ದಾಟುವ ಮೌಲ್ಯವನ್ನು ಡಬಲ್ (ದಶಮಾಂಶ ಸಂಖ್ಯೆ) ಅಥವಾ ಸ್ಟ್ರಿಂಗ್ (ಅಕ್ಷರಗಳ ಸಾಲು) ಆಗಿ ಬದಲಿಸಿದರೆ ತೊಂದರೆ ಇರದು. ಹಣದ ವಿಷಯದಲ್ಲಿ ನನ್ನ ಆಯ್ಕೆ ಸ್ಟ್ರಿಂಗ್.

ಇಡೀ ಕ್ಲಾಸನ್ನು ಹೊರಗೆ ತೆರೆದಿಡುವುದು ನನಗೆ ಸರಿಕಾಣುವುದಿಲ್ಲ, ಏಕೆಂದರೆ ಹಾಗೆ ತೆರೆದ ಯಾವುದನ್ನೂ ಕಂಪೈಲರ್ ಕಿತ್ತುಹಾಕಲಾರದು, ಮೊಟಕುಗೊಳಿಸಲಾರದು. ನಮ್ಮಲ್ಲಿ ಈಗ ಮೂರೇ ಮೆಥಡ್‌ಗಳು ಹೊರಗಿವೆ. ಜಿಡಬ್ಲ್ಯೂಟಿಯ ಕೋಡ್ ನಿಧಾನವಾಗಿ ಲೋಡ್ ಆಗುವುದರಿಂದ, ಆ ಕೋಡ್ ಲೋಡ್ ಆದೊಡನೆ ಓಡುವ ಆನ್‌ಮಾಡ್ಯೂಲ್‌ಲೋಡ್ ಎಂಬ ಮೆಥಡ್‌ನ ಕೊನೆಯ ಸಾಲಿನಲ್ಲಿ ಪುಟದ 'ಸಿದ್ಧ' ಎಂಬ ಫಂಕ್ಷನ್ನನ್ನು ಜಾವಾವೇ ಕರೆಯುತ್ತದೆ. ಅಲ್ಲಿಯವರೆಗೆ ತೂಕದ ಬಟನ್ ಒತ್ತಲು ಬಾರದಂತೆ ಇರುತ್ತದೆ.