ಬ್ರೇಕ್ ಲೈಟಿನ ಸುಟ್ಟ ಬಲ್ಬನ್ನು ಎಸೆಯುವ ಮೊದಲು

ಕಾರಿನ ಉಳಿದ ದೀಪಗಳು ಕೆಟ್ಟರೆ ನಡೆಸುವವರಿಗೆ ಹೇಗಾದರೂ ಗೊತ್ತಾಗುತ್ತದೆ. ಹೆಡ್‌ಲೈಟ್ ಹೋದರೆ ರಸ್ತೆ ಮಬ್ಬಾಗುತ್ತದೆ, ಇಂಡಿಕೇಟರಿನ ಬಲ್ಬು ಹೋದರೆ ಹೆಚ್ಚಿನ ಗಾಡಿಗಳಲ್ಲಿ ಟಿಕ್ ಟಿಕ್ ಸದ್ದು ಅವಸರಕ್ಕೆ ಬೀಳುತ್ತದೆ. ಬ್ರೇಕ್ ಲೈಟ್ ಮಾತ್ರ ತಿಂಗಳುಗಟ್ಟಲೆ ಸತ್ತಿದ್ದರೂ ಒಳಗೆ ಕುಳಿತವರಿಗೆ ಸುಳಿವು ಸಿಗುವುದಿಲ್ಲ. ಕಬ್ಬಿನ ಹಂಗಾಮಿನಲ್ಲಿ ಮುಧೋಳ, ಜಮಖಂಡಿ, ಬೀಳಗಿಯ ರಸ್ತೆಗಳಲ್ಲಿ ರಾತ್ರಿ ಗಾಡಿ ಓಡಿಸಿದವರಿಗೆ ಇದರ ಗಂಭೀರತೆಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಹಿಂದೆ ದೀಪವಿಲ್ಲದ ಟ್ರೇಲರ್ ಎದುರಿಗೆ ಥಟ್ಟನೆ ಕಂಡು ನೀವು ಬ್ರೇಕ್ ಒತ್ತಿದಾಗ, ನಿಮ್ಮ ಹಿಂದಿನವರಿಗೆ ಆ ಟ್ರೇಲರ್ ಕಂಡಿರುವುದಿಲ್ಲ, ನಿಮ್ಮ ಕೆಂಪು ದೀಪವಷ್ಟೇ ಕಾಣಬೇಕು. ಗಂಟೆಗೆ 80 ಕಿಲೋಮೀಟರ್ ವೇಗದ ಗಾಡಿ ಒಂದು ಸೆಕೆಂಡಿನಲ್ಲಿ ಸುಮಾರು 22 ಮೀಟರ್ ಸಾಗುತ್ತದೆ. ಅವರು ಅರ್ಧ ಸೆಕೆಂಡು ತಡವಾಗಿ ತಿಳಿದುಕೊಂಡರೂ 11 ಮೀಟರ್ ಹೋಯಿತು.

ಬಲ್ಬು ಸುಟ್ಟಿದೆ ಎಂದು ಹೇಳಿದರೆ ಹಲವರು ಒಪ್ಪುವುದಿಲ್ಲ. ‘ಹಿಂದಿನ ಲೈಟ್ ಹತ್ತಾಕತ್ತೈತಲ್ರೀ’ ಎನ್ನುತ್ತಾರೆ. ಅವರು ಹೇಳುವುದೂ ಸುಳ್ಳಲ್ಲ. ಬಹಳಷ್ಟು ಕಾರುಗಳಲ್ಲಿ ಹಿಂದಿನ ಪಾರ್ಕಿಂಗ್ ದೀಪಕ್ಕೂ ಬ್ರೇಕ್ ದೀಪಕ್ಕೂ ಒಂದೇ ಬಲ್ಬು ಇರುತ್ತದೆ. ಅದರ ಗಾಜಿನೊಳಗೆ ಕಾದು ಬೆಳಗುವ ಎರಡು ಸಣ್ಣ ತಂತಿಗಳು, ಅಂದರೆ ಫಿಲಮೆಂಟುಗಳಿದ್ದು, 5 ವಾಟಿನದು ರಾತ್ರಿಯ ಮಂದ ಬೆಳಕಿಗೆ, 21 ವಾಟಿನದು ಬ್ರೇಕಿಗೆ. ದೊಡ್ಡದು ತುಂಡಾಗಿದ್ದರೂ ಸಣ್ಣದು ಉರಿಯುತ್ತಲೇ ಇರುತ್ತದೆ. ಆದ್ದರಿಂದ ಪಾರ್ಕಿಂಗ್ ದೀಪ ಉರಿಯುವುದನ್ನು ನೋಡಿ ಬ್ರೇಕ್ ದೀಪ ಸರಿಯಿದೆ ಎಂದುಕೊಳ್ಳಬಾರದು. ಸಂಜೆ ಮನೆಯ ಗೋಡೆಗೆ ಬೆನ್ನು ಮಾಡಿ ಕಾರು ನಿಲ್ಲಿಸಿ, ಬ್ರೇಕ್ ಒತ್ತಿ, ಕನ್ನಡಿಗಳಲ್ಲಿ ನೋಡಿದರೆ ಗೋಡೆಯ ಮೇಲೆ ಎಡಕ್ಕೆ, ಬಲಕ್ಕೆ ಕೆಂಪು ಸಮನಾಗಿ ಬಿದ್ದಿದೆಯೋ ಇಲ್ಲವೋ ತಿಳಿಯುತ್ತದೆ. ಹಿಂದಿನ ಗಾಜಿನ ಮೇಲ್ಭಾಗದ ಮೂರನೆಯ ದೀಪವನ್ನು ಬೇರೆಯಾಗಿಯೇ ನೋಡಬೇಕು, ಏಕೆಂದರೆ ಅದೊಂದೇ ಉರಿದರೂ ಗೋಡೆಯೆಲ್ಲ ಕೆಂಪಾದಂತೆ ಕಾಣುತ್ತದೆ.

ಬಿಚ್ಚುವ ಕೆಲಸ ಕಷ್ಟದ್ದಲ್ಲ. ಚಾವಿ ತೆಗೆದು, ದೀಪದ ಸ್ವಿಚ್ ಆಫ್ ಮಾಡಿ, ಬಲ್ಬು ಬಿಸಿಯಾಗಿದ್ದರೆ ಕೆಲವು ನಿಮಿಷ ಆರಲು ಬಿಡಬೇಕು. ಹಿಂಬಾಗಿಲು ಎತ್ತಿದಾಗ ಲ್ಯಾಂಪಿನ ಅಂಚಿನಲ್ಲಿ ಸಾಮಾನ್ಯವಾಗಿ ಎರಡು ಸ್ಕ್ರೂ ಕಾಣುತ್ತವೆ. ಡಿಕ್ಕಿ ಬೇರೆಯಾಗಿರುವ ಕಾರುಗಳಲ್ಲಿ ಒಳಗಿನ ಹೊದಿಕೆ ಸರಿಸಿದರೆ ನಟ್ಟುಗಳೋ ನೇರವಾಗಿ ಬಲ್ಬು ಕೂರುವ ಹೋಲ್ಡರೋ ಕೈಗೆ ಸಿಗುತ್ತದೆ. ಸ್ಕ್ರೂ ತೆಗೆದ ಮೇಲೆ ಲ್ಯಾಂಪನ್ನು ಪಕ್ಕಕ್ಕೆ ಮೀಟದೆ ನೇರ ಹಿಂದಕ್ಕೆ ಎಳೆಯಬೇಕು. ಮೀಟಿದರೆ ಪ್ಲಾಸ್ಟಿಕ್ ಗೂಟಗಳು ಮುರಿಯುತ್ತವೆ, ಅವು ಬಿಡಿಯಾಗಿ ಸಿಗುವುದು ಕಡಿಮೆ. ಹೋಲ್ಡರನ್ನು ಎಡಕ್ಕೆ ಕಾಲು ಸುತ್ತು ತಿರುಗಿಸಿದರೆ ಹೊರಬರುತ್ತದೆ, ಬಲ್ಬನ್ನು ಒಳಕ್ಕೆ ಒತ್ತಿ ಎಡಕ್ಕೆ ತಿರುಗಿಸಿದರೆ ಅದೂ ಬಿಡುತ್ತದೆ. ಗಾಜಿನ ಬುಡದ ಬಲ್ಬಾದರೆ ನೇರ ಎಳೆದರೆ ಸಾಕು.

ಇಲ್ಲಿ ಎಲ್ಲರೂ ಸುಟ್ಟ ಬಲ್ಬನ್ನು ಎಸೆದು ಹೊಸದಕ್ಕೆ ಕೈ ಹಾಕುತ್ತಾರೆ. ಎಸೆಯುವ ಮೊದಲು ಅದನ್ನು ಬೆಳಕಿಗೆ ಹಿಡಿದು ನೋಡಿ ಎಂದು ನಾನು ಪ್ರತಿಯೊಬ್ಬರಿಗೂ ಹೇಳುತ್ತೇನೆ. ಗಾಜಿನ ಒಳಮೈಗೆ ಬೆಳ್ಳಿಯಂತಹ ಅಥವಾ ಕಪ್ಪಗಿನ ಲೇಪ ಹತ್ತಿದ್ದರೆ, ವರ್ಷಗಟ್ಟಲೆ ಉರಿದು ಫಿಲಮೆಂಟಿನ ಟಂಗ್‌ಸ್ಟನ್ ಲೋಹ ಸವೆದು ಗಾಜಿಗೆ ಕೂತಿದೆ, ಅಂದರೆ ಬಲ್ಬು ತನ್ನ ಆಯುಷ್ಯ ಮುಗಿಸಿದೆ. ಗಾಜು ಸ್ವಚ್ಛವಾಗಿದ್ದು ತಂತಿ ಮಾತ್ರ ತುಂಡಾಗಿ ನೇತಾಡುತ್ತಿದ್ದರೆ, ಅದು ಬಹುತೇಕ ಕುಲುಕಾಟದ ಕೆಲಸ. ಕಬ್ಬಿನ ಟ್ರ್ಯಾಕ್ಟರುಗಳು ಕೆಡಿಸಿದ ಹೊಲದ ರಸ್ತೆಗಳಲ್ಲಿ ದಿನವೂ ಓಡಾಡುವ ಗಾಡಿಗಳಲ್ಲಿ, ಅದರಲ್ಲೂ ಹಿಂಬಾಗಿಲನ್ನು ಜೋರಾಗಿ ಬಡಿಯುವವರ ಗಾಡಿಗಳಲ್ಲಿ, ಇಂತಹ ಬಲ್ಬು ಹೆಚ್ಚಾಗಿ ಸಿಗುತ್ತದೆ. ಗಾಜಿನೊಳಗೆ ಹಾಲಿನ ಬಣ್ಣದ ಬಿಳಿ ಪುಡಿ ಕಂಡರೆ ಗಾಜು ಎಲ್ಲಿಯೋ ಸೀಳಿ ಗಾಳಿ ಒಳಹೊಕ್ಕಿದೆ. ಕಾದ ಗಾಜಿನ ಮೇಲೆ ನೀರು ಬಿದ್ದರೂ ಹೀಗೆ ಆಗುವುದರಿಂದ, ಲ್ಯಾಂಪಿನೊಳಗೆ ನೀರಿನ ಕಲೆ ಇದೆಯೇ, ನೀರು ತಡೆಯಲು ಸುತ್ತಲೂ ಇರುವ ಪಟ್ಟಿ, ಅಂದರೆ ಗ್ಯಾಸ್ಕೆಟ್, ಬಿರಿದಿದೆಯೇ ಎಂದು ನೋಡದೆ ಹೊಸ ಬಲ್ಬು ಹಾಕಿದರೆ ಮುಂದಿನ ಮಳೆಗೋ ಮುಂದಿನ ವಾಷಿಂಗಿಗೋ ಅದೂ ಹೋಗಬಹುದು.

ಬಲ್ಬಿನ ನಂತರ ಹೋಲ್ಡರ್. ನಮ್ಮ ಎರೆ ಮಣ್ಣಿನ ದೂಳು ಹಿಟ್ಟಿನಷ್ಟು ನುಣುಪು. ಗ್ಯಾಸ್ಕೆಟ್ ಸ್ವಲ್ಪ ಸಡಿಲವಾದರೂ ಒಳಗೆ ಸೇರಿ, ಮಳೆಗಾಲದ ತೇವ ಹಿಡಿದು, ಹಿತ್ತಾಳೆಯ ಪಟ್ಟಿಗಳ ಮೇಲೆ ಹಸಿರು ಕಿಲುಬು ಕೂಡಿಸುತ್ತದೆ. ಸಂಪರ್ಕ ಸರಿಯಿಲ್ಲದ ಜಾಗದಲ್ಲಿ ಬಿಸಿ ಹುಟ್ಟುತ್ತದೆ, ಆ ಬಿಸಿಗೆ ಪ್ಲಾಸ್ಟಿಕ್ ಕಂದಾಗಿ ಕರಗತೊಡಗುತ್ತದೆ. ಕಿಲುಬು ಮಾತ್ರ ಇದ್ದರೆ ನುಣುಪಾದ ಎಮರಿ ಪೇಪರಿನಿಂದ ಹಗುರವಾಗಿ ಉಜ್ಜಿ, ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ಒಣಗಿಸಿದರೆ ಸಾಕು. ಪ್ಲಾಸ್ಟಿಕ್ ಕರಗಿದ್ದರೆ ಹೋಲ್ಡರನ್ನೇ ಬದಲಿಸಬೇಕು.

ಹೋಲ್ಡರಿನಲ್ಲಿ ಹೆಚ್ಚು ದಾರಿ ತಪ್ಪಿಸುವುದು ಅರ್ಥ್, ಅಂದರೆ ಕರೆಂಟು ಮರಳುವ ತಂತಿಯ ದೋಷ. ಬ್ರೇಕ್ ಒತ್ತಿದಾಗ ಅದೇ ಬದಿಯ ಇಂಡಿಕೇಟರ್ ಮಂದವಾಗಿ ಮಿನುಗಿದರೆ, ಅಥವಾ ಉರಿಯುತ್ತಿದ್ದ ಪಾರ್ಕಿಂಗ್ ದೀಪವೇ ಮಬ್ಬಾದರೆ, ಬಲ್ಬನ್ನು ದೂಷಿಸಬೇಡಿ. ಕಾರಿನ ಲೋಹದ ಮೈಗೆ ಮರಳಬೇಕಾದ ಕರೆಂಟು ಅರ್ಥ್ ತಂತಿಯಲ್ಲಿ ದಾರಿ ಸಿಗದೆ ಪಕ್ಕದ ಬಲ್ಬಿನ ಫಿಲಮೆಂಟಿನ ಮೂಲಕ ಹಾಯುತ್ತಿದೆ. ಅರ್ಥ್ ತಂತಿಯ ತುದಿಯನ್ನು ಬಿಚ್ಚಿ, ತುಕ್ಕು ಉಜ್ಜಿ, ಬಿಗಿ ಮಾಡಿದರೆ ಎಲ್ಲ ದೀಪಗಳೂ ತಮ್ಮ ತಮ್ಮ ಕೆಲಸಕ್ಕೆ ಮರಳುತ್ತವೆ.

ಹೊಸ ಬಲ್ಬು ಕೊಳ್ಳಲು ಹೋಗುವಾಗ ಹಳೆಯದನ್ನು ಜೊತೆಗೆ ಒಯ್ಯುವುದು ಒಳ್ಳೆಯದು. ಅದರ ಬುಡದ ಮೇಲೆ ಪಿ 21/5 ಡಬ್ಲ್ಯೂ ಎಂದಿದ್ದರೆ ಅದು ಎರಡು ಫಿಲಮೆಂಟಿನದು, ಪಿ 21 ಡಬ್ಲ್ಯೂ ಎಂದಿದ್ದರೆ ಒಂದರದು. ಎರಡು ಫಿಲಮೆಂಟಿನ ಬಲ್ಬಿನ ಬುಡದಲ್ಲಿ ಎರಡು ಪಿನ್ನುಗಳಿದ್ದು ಒಂದು ಮೇಲೆ, ಒಂದು ಕೆಳಗೆ ಇರುತ್ತದೆ. ತಲೆಕೆಳಗಾಗಿ ಕೂರಬಾರದೆಂದೇ ಈ ಏರ್ಪಾಡು. ಹೋಲ್ಡರ್ ಸಡಿಲವಾಗಿದ್ದರೆ ಒತ್ತಾಯದಿಂದ ತಿರುವಿ ಅದನ್ನು ಉಲ್ಟಾ ಕೂರಿಸಲು ಸಾಧ್ಯ. ಆಗ ರಾತ್ರಿಯಿಡೀ 21 ವಾಟಿನ ಫಿಲಮೆಂಟು ಉರಿದು ಲ್ಯಾಂಪು ಬಿಸಿಯಾಗುತ್ತದೆ, ಬ್ರೇಕ್ ಒತ್ತಿದಾಗ 5 ವಾಟಿನದು ಮಾತ್ರ ಸೇರಿಕೊಳ್ಳುತ್ತದೆ, ಹಿಂದಿನವರಿಗೆ ವ್ಯತ್ಯಾಸವೇ ಕಾಣುವುದಿಲ್ಲ. ಇನ್ನು ಎರಡು ಫಿಲಮೆಂಟಿನ ಹೋಲ್ಡರಿಗೆ ಒಂದು ಫಿಲಮೆಂಟಿನ ಬಲ್ಬು ತುರುಕಿದರೆ ಬುಡದ ಎರಡು ಬಿಂದುಗಳೂ ಒಂದಾಗಿ, ಬ್ರೇಕ್ ಒತ್ತಿದಾಗಲೆಲ್ಲ ಪಾರ್ಕಿಂಗ್ ದೀಪಗಳೂ ಡ್ಯಾಶ್‌ಬೋರ್ಡಿನ ದೀಪಗಳೂ ಹೊತ್ತಿಕೊಳ್ಳಬಹುದು.

ಹೆಚ್ಚು ಪ್ರಕಾಶದ ಆಸೆಗೆ ಎಲ್‌ಇಡಿ ಬಲ್ಬು ಕೇಳುವವರಿದ್ದಾರೆ. ಎಲ್‌ಇಡಿ ಬೇಗ ಹೊತ್ತುತ್ತದೆ ಎಂಬುದು ನಿಜ. ಫಿಲಮೆಂಟು ಕಾದು ಪೂರ್ತಿ ಬೆಳಗಲು ಹಿಡಿಯುವ ಸುಮಾರು 0.2 ಸೆಕೆಂಡು ಅದಕ್ಕೆ ಬೇಡ. ಆದರೆ ಫಿಲಮೆಂಟಿಗಾಗಿ ಮಾಡಿದ ಪ್ರತಿಫಲಕದಲ್ಲಿ ಅದರ ಬೆಳಕು ಬೀಳಬೇಕಾದಲ್ಲಿ ಬೀಳುವುದಿಲ್ಲ, ಅಗ್ಗದ ಮಾಲಿನಲ್ಲಿ ಮಂದ ಬೆಳಕಿಗೂ ಬ್ರೇಕಿನ ಬೆಳಕಿಗೂ ಸಾಕಷ್ಟು ಅಂತರ ಇರುವುದಿಲ್ಲ. ಕಾರ್ಖಾನೆಯಿಂದಲೇ ಎಲ್‌ಇಡಿ ಲ್ಯಾಂಪು ಬಂದಿದ್ದರೆ ಮಾತು ಬೇರೆ, ಅಲ್ಲಿ ಬದಲಿಸಲು ಬಲ್ಬೇ ಇರುವುದಿಲ್ಲ. ಇಲ್ಲವಾದರೆ ಮೊದಲಿದ್ದ ನಮೂನೆಯದನ್ನೇ ಹಾಕಿ ಎಂಬುದು ನನ್ನ ಖಚಿತ ಅಭಿಪ್ರಾಯ. ಗಾಜನ್ನು ಬಟ್ಟೆಯಲ್ಲಿ ಹಿಡಿದು, ಪಿನ್ನು ಹೊಂದಿಸಿ, ಒತ್ತಿ ಬಲಕ್ಕೆ ತಿರುಗಿಸಿ. ಸ್ಕ್ರೂ ಬಿಗಿಯುವ ಮೊದಲೇ ಒಬ್ಬರಿಗೆ ಬ್ರೇಕ್ ಒತ್ತಲು ಹೇಳಿ ನೋಡಿಕೊಳ್ಳಿ.

ಒಳ್ಳೆಯ ಬಲ್ಬು ಕೂಡ ಮತ್ತೆ ಮತ್ತೆ ಸುಡುತ್ತಿದ್ದರೆ ಎಂಜಿನ್ ಚಾಲೂ ಇಟ್ಟು ಬ್ಯಾಟರಿಯ ಮೇಲೆ ವೋಲ್ಟೇಜ್ ಅಳೆಯಬೇಕು. 13.5ರಿಂದ 14.5ರವರೆಗೆ ಇದ್ದರೆ ಸರಿ. 15 ದಾಟುತ್ತಿದ್ದರೆ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರಿನ ವೋಲ್ಟೇಜನ್ನು ಮಿತಿಯಲ್ಲಿಡುವ ರೆಗ್ಯುಲೇಟರನ್ನು ಸಂಶಯಿಸಬೇಕು. ವೋಲ್ಟೇಜ್ ನೂರಕ್ಕೆ ಐದರಷ್ಟು ಏರಿದರೂ ಫಿಲಮೆಂಟಿನ ಆಯುಷ್ಯ ಹೆಚ್ಚುಕಡಿಮೆ ಅರ್ಧವಾಗುತ್ತದೆ.

ಮೂರೂ ದೀಪಗಳು ಒಟ್ಟಿಗೆ ಹೋದರೆ ಬಲ್ಬು ಬಿಚ್ಚುವುದೇ ಬೇಡ. ಮೊದಲು ಫ್ಯೂಜ್, ನಂತರ ಬ್ರೇಕ್ ಪೆಡಲಿನ ಮೇಲ್ಗಡೆಯ ಸ್ವಿಚ್ ನೋಡಬೇಕು. ಇದಕ್ಕೆ ತದ್ವಿರುದ್ಧವಾಗಿ, ಕಾಲು ತೆಗೆದರೂ ದೀಪ ಆರದೆ ರಾತ್ರಿ ಬ್ಯಾಟರಿ ಇಳಿದುಹೋಗುವುದೂ ಉಂಟು. ಆಗ ಪೆಡಲಿನ ಕೆಳಗಿನ ಮ್ಯಾಟಿನ ಮೇಲೆ ಕೈಯಾಡಿಸಿದರೆ ಪ್ಲಾಸ್ಟಿಕ್ಕಿನ ಸಣ್ಣ ಚೂರುಗಳು ಸಿಗಬಹುದು. ಪೆಡಲು ಮೇಲೆ ಬಂದಾಗ ಸ್ವಿಚ್ಚಿನ ತುದಿಯನ್ನು ಒತ್ತಿ ಹಿಡಿಯುವ ಗುಂಡಿಯದು. ಬಿಸಿಲಲ್ಲಿ ನಿಂತ ಕಾರಿನೊಳಗೆ ವರ್ಷಾನುಗಟ್ಟಲೆ ಕಾದು ಪುಡಿಯಾಗಿರುತ್ತದೆ. ಅದು ಉದುರಿದರೆ ಸ್ವಿಚ್ಚಿನ ತುದಿ ಪೆಡಲಿನ ತೂತಿನೊಳಗೆ ಹೊಕ್ಕು, ಬ್ರೇಕ್ ಒತ್ತಿಯೇ ಇದೆ ಎಂದು ದೀಪಗಳಿಗೆ ಕರೆಂಟು ಕೊಡುತ್ತಲೇ ಇರುತ್ತದೆ. ಹೊಸ ಗುಂಡಿ ಕೂರಿಸಿದರೆ ದೀಪ ಆರುತ್ತದೆ.