ಮೊದಲು ನೆರೆಯವನ ಬಳಿಗೆ, ಆಮೇಲೆ ಯಜ್ಞವೇದಿಗೆ

ಯೇಸು ಶಿಲುಬೆಯ ಮೇಲೆ ಪ್ರಾಣಕೊಟ್ಟ ದಿನವಾದ ಶುಭ ಶುಕ್ರವಾರ ಹತ್ತಿರವಾದಂತೆ ಸಭಾಪಾಲಕನಾದ ನನ್ನನ್ನು ಹುಡುಕಿಕೊಂಡು ಬರುವ ಪ್ರಶ್ನೆ ಒಂದಿದೆ: ಪ್ರೀತಿಸ್ವರೂಪನಾದ ದೇವರಿಗೆ ರಕ್ತ ಏಕೆ ಬೇಕಾಗಿತ್ತು? ನಮ್ಮ ಸಭೆಯ ಯುವಕರೂ ಕೇಳುತ್ತಾರೆ, ಕ್ರೈಸ್ತರಲ್ಲದ ಸ್ನೇಹಿತರೂ ಕೇಳುತ್ತಾರೆ. ದೇವರು ಮುನಿದಿದ್ದಾನೆ, ಏನಾದರೂ ಕೊಟ್ಟು ಅವನನ್ನು ಒಲಿಸಿಕೊಳ್ಳಬೇಕು ಎಂಬ ಎಣಿಕೆ ಆ ಪ್ರಶ್ನೆಯೊಳಗೆ ಅಡಗಿರುತ್ತದೆ. ಯೆರೂಸಲೇಮಿನ ದೇವಾಲಯದ ಬಲಿಯನ್ನು ಹಾಗೆ ತಿಳಿದುಕೊಂಡವರಿಗೆ ಶಿಲುಬೆಯೂ ಹಾಗೆಯೇ ಕಾಣುತ್ತದೆ. ಆದ್ದರಿಂದ ಶಿಲುಬೆಯ ಮಾತಿಗೆ ಮುನ್ನ ಅವರನ್ನು ಬಲಿಯ ವಿಧಿಗಳಿರುವ ಬೈಬಲಿನ ಪುಸ್ತಕವಾದ ಯಾಜಕಕಾಂಡಕ್ಕೆ ಕರೆದೊಯ್ಯುತ್ತೇನೆ.

ಅದರ ಮೊದಲ ಏಳು ಅಧ್ಯಾಯಗಳಲ್ಲಿ 5 ಬಗೆಯ ಅರ್ಪಣೆಗಳಿವೆ. ಎಲ್ಲವೂ ಪಾಪಕ್ಕೆ ಸಂಬಂಧಿಸಿದವಲ್ಲ. ಧಾನ್ಯನೈವೇದ್ಯದಲ್ಲಿ ರಕ್ತವೇ ಇಲ್ಲ. ಹಿಟ್ಟು, ಎಣ್ಣೆ, ಧೂಪ, ಉಪ್ಪು ಅಷ್ಟೇ. ಸಮಾಧಾನಯಜ್ಞದ ಮಾಂಸವನ್ನು ತಂದವನೇ ತನ್ನವರೊಂದಿಗೆ ಕುಳಿತು ಉಣ್ಣುತ್ತಿದ್ದ. ಆದರೆ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಾಣುವುದು ಪ್ರಾಯಶ್ಚಿತ್ತಯಜ್ಞ. ಆರನೆಯ ಅಧ್ಯಾಯದ ಆರಂಭವನ್ನು ನಿಧಾನವಾಗಿ ಓದಬೇಕು. ಒಬ್ಬನು ನೆರೆಯವನು ನಂಬಿ ಇಟ್ಟ ಒತ್ತೆಯನ್ನು ಇಲ್ಲವೆಂದು ಸಾಧಿಸಿದ್ದಾನೆ. ಅಥವಾ ಕಳೆದುಹೋದ ವಸ್ತು ಸಿಕ್ಕಿದರೂ ಸಿಕ್ಕಿಲ್ಲವೆಂದು ಸುಳ್ಳು ಆಣೆ ಇಟ್ಟಿದ್ದಾನೆ. ಈಗ ಮನಸ್ಸು ಚುಚ್ಚುತ್ತಿದೆ. ಅವನು ಏನು ಮಾಡಬೇಕು? ತೆಗೆದುಕೊಂಡದ್ದನ್ನು ಪೂರ್ತಿಯಾಗಿ ಹಿಂದಿರುಗಿಸಬೇಕು, ಅದರ ಐದನೆಯ ಒಂದು ಭಾಗವನ್ನು ಕೂಡಿಸಿ ಕೊಡಬೇಕು. ನೂರು ನುಂಗಿದವನು ನೂರಿಪ್ಪತ್ತು ಎಣಿಸಿಕೊಡಬೇಕು. ಕೊಡಬೇಕಾದದ್ದು ದೇವಾಲಯದ ಬೊಕ್ಕಸಕ್ಕಲ್ಲ, ಮೋಸಹೋದ ಆ ಮನುಷ್ಯನ ಕೈಗೆ. ಕುಂದಿಲ್ಲದ ಟಗರಿನೊಡನೆ ಯಾಜಕನ ಮುಂದೆ ನಿಲ್ಲುವ ಮಾತು ಬರುವುದು ಅದಾದ ಮೇಲೆ.

ಬಲಿ ಕೊಟ್ಟು ನೆರೆಯವನ ಋಣದಿಂದ ಜಾರಿಕೊಳ್ಳಲು ಈ ಶಾಸನದಲ್ಲಿ ಸಂದೇ ಇಲ್ಲ. ಬೆಟ್ಟದ ಮೇಲಿನ ಪ್ರಸಂಗದಲ್ಲಿ ಯೇಸು ಹೇಳಿದ್ದೂ ಇದೇ ಜಾಡಿನಲ್ಲಿದೆ: ನಿನ್ನ ಸಹೋದರನ ಮನಸ್ಸಿನಲ್ಲಿ ನಿನ್ನ ಮೇಲೆ ಏನೋ ಇದೆಯೆಂದು ಯಜ್ಞವೇದಿಯ ಮುಂದೆ ನೆನಪಾದರೆ, ಕಾಣಿಕೆಯನ್ನು ಅಲ್ಲೇ ಬಿಟ್ಟು ಹೋಗಿ ಮೊದಲು ಅವನೊಂದಿಗೆ ಒಂದಾಗು. ಗಲಿಲಾಯದಲ್ಲಿ ಕೇಳುತ್ತಿದ್ದ ಜನಕ್ಕೆ ಇದು ಸಣ್ಣ ಮಾತಾಗಿರಲಿಲ್ಲ. ಯಜ್ಞವೇದಿ ಇದ್ದ ಯೆರೂಸಲೇಮಿನಿಂದ ಅವರ ಊರಿಗೆ ಕೆಲವು ದಿನಗಳ ಕಾಲ್ನಡಿಗೆ.

ಇನ್ನು ರಕ್ತದ ವಿಷಯ. ಯಾಜಕಕಾಂಡ 17:11 ಪ್ರಾಣವು ರಕ್ತದಲ್ಲಿದೆ ಎನ್ನುತ್ತದೆ. ಪ್ರಾಯಶ್ಚಿತ್ತಕ್ಕಾಗಿ ಅದನ್ನು ನಾನೇ ನಿಮಗೆ ಕೊಟ್ಟಿದ್ದೇನೆ ಎಂದು ದೇವರು ಹೇಳುವುದೂ ಅದೇ ವಚನದಲ್ಲಿ. ಕೊಡುವವನು ದೇವರು ಎಂಬುದನ್ನು ಓದುಗರು ಗಮನಿಸದೆ ದಾಟಿಬಿಡುತ್ತಾರೆ. ಏಳನೆಯ ತಿಂಗಳ ಹತ್ತನೆಯ ದಿನ, ದೋಷಪರಿಹಾರಕ ದಿನದಲ್ಲಿ, ಮಹಾಯಾಜಕನು ಎರಡು ಹೋತಗಳಿಗೆ ಚೀಟು ಹಾಕುತ್ತಿದ್ದ. ಒಂದರ ರಕ್ತವನ್ನು ಆಲಯದ ತೀರ ಒಳಗಿನ ಕೋಣೆಯಾದ ಮಹಾಪವಿತ್ರ ಸ್ಥಾನದೊಳಗೆ ಒಯ್ದು ಚಿಮುಕಿಸಿ, ಜನರ ಅಪರಾಧಗಳು ಮೈಲಿಗೆ ಮಾಡಿದ್ದ ಆಲಯವನ್ನೇ ಶುದ್ಧಿಗೊಳಿಸುತ್ತಿದ್ದ. ಇನ್ನೊಂದರ ತಲೆಯ ಮೇಲೆ ಎರಡೂ ಕೈಗಳನ್ನಿಟ್ಟು ಜನರ ಪಾಪಗಳನ್ನು ಅರಿಕೆಮಾಡುತ್ತಿದ್ದ. ಅದನ್ನು ಕೊಲ್ಲುತ್ತಿರಲಿಲ್ಲ, ಅಡವಿಗೆ ಅಟ್ಟುತ್ತಿದ್ದರು. ಮುನಿದವನ ಹಸಿವು ತಣಿಸುವ ವಿಧಿಯಲ್ಲ ಇದು. ಕೊಳೆ ತೊಳೆಯಬೇಕು, ಹೊರೆ ದೂರವಾಗಬೇಕು, ದೇವರು ಜನರ ನಡುವೆ ವಾಸವಾಗಿರಬೇಕು, ಹಂಬಲ ಅಷ್ಟೇ.

ಬಡವರಿಗೂ ದಾರಿಯಿತ್ತು. ಕುರಿ ತರಲಾಗದವರು ಎರಡು ಬೆಳವಕ್ಕಿಗಳನ್ನು ತರಬಹುದಿತ್ತು. ಪಾಪಕ್ಕಾಗಿ ಕೊಡುವ ದೋಷಪರಿಹಾರಕ ಯಜ್ಞಕ್ಕೆ ಅದೂ ಆಗದವರು ಒಂದಿಷ್ಟು ಹಿಟ್ಟು. ಕೂಸು ಯೇಸುವನ್ನು ದೇವಾಲಯಕ್ಕೆ ತಂದಾಗ ಮರಿಯಳು ಮತ್ತು ಯೋಸೇಫರು ಅರ್ಪಿಸಿದ್ದು ಬಡವರ ಆ ಜೋಡಿ ಹಕ್ಕಿಗಳನ್ನೇ ಎಂದು ಲೂಕನ ಸುವಾರ್ತೆಯಿಂದ ತಿಳಿಯುತ್ತದೆ. ಮುಂದೆ ಸ್ನಾನಿಕನಾದ ಯೋಹಾನನು 'ದೇವರ ಕುರಿಮರಿ' ಎಂದು ಬೆರಳು ಮಾಡಿ ತೋರಿಸಿದ್ದು ಕುರಿಮರಿಯನ್ನು ಕೊಳ್ಳಲಾಗದ ಮನೆಯ ಮಗನನ್ನು. ಇದನ್ನು ಬೋಧಿಸುವಾಗಲೆಲ್ಲ ನನ್ನ ಗಂಟಲು ಕಟ್ಟುತ್ತದೆ.

ಹೊಸ ಒಡಂಬಡಿಕೆಯಲ್ಲಿರುವ ಇಬ್ರಿಯರಿಗೆ ಬರೆದ ಪತ್ರಿಕೆ ಈ ಎಳೆಗಳನ್ನೆಲ್ಲ ಕ್ರಿಸ್ತನಲ್ಲಿ ಕೂಡಿಸುತ್ತದೆ. ಯಾಜಕನು ದಿನದಿನವೂ ನಿಂತುಕೊಂಡು ಅವೇ ಯಜ್ಞಗಳನ್ನು ಅರ್ಪಿಸುತ್ತಿದ್ದ. ಕ್ರಿಸ್ತನು ಒಂದೇ ಸಾರಿ ತನ್ನನ್ನೇ ಅರ್ಪಿಸಿಕೊಂಡು ದೇವರ ಬಲಗಡೆಯಲ್ಲಿ ಕುಳಿತನು. ಕುಳಿತನೆಂದರೆ ಕೆಲಸ ಮುಗಿಯಿತು. ಯಜ್ಞಕ್ಕೆ ಬೇಕಾದದ್ದನ್ನು ಕೊಡುವ ದೇವರು ಇಲ್ಲಿ ತನ್ನನ್ನೇ ಕೊಟ್ಟನು ಎಂಬುದು ಕ್ರೈಸ್ತ ವಿಶ್ವಾಸದ ತಿರುಳು. ಕ್ರಿ.ಶ. 70ರಲ್ಲಿ ರೋಮನ್ನರು ದೇವಾಲಯವನ್ನು ನೆಲಸಮ ಮಾಡಿದ ಮೇಲೆ ಯೆಹೂದ್ಯರು ಪ್ರಾರ್ಥನೆ, ಪಶ್ಚಾತ್ತಾಪ, ದಾನಧರ್ಮಗಳಲ್ಲಿ ತಮ್ಮ ಆರಾಧನೆಯನ್ನು ಮುಂದುವರಿಸಿದರು. ಅವರ ದಾರಿಯನ್ನು ಹೀಗಳೆಯುವ ಹಕ್ಕು ನಮಗಿಲ್ಲ. ಕಥೋಲಿಕರು ಬಲಿಪೂಜೆಯಲ್ಲಿ, ಯೇಸುವನ್ನು ಶಿಲುಬೆಗೇರಿಸಿದ ಕಲ್ವಾರಿಯ ಆ ಒಂದೇ ಬಲಿ ಸಾನ್ನಿಧ್ಯಗೊಳ್ಳುತ್ತದೆ ಎಂದು ನಂಬುತ್ತಾರೆ. ಪ್ರೊಟೆಸ್ಟೆಂಟರಾದ ನಾವು ಮುಗಿದುಹೋದ ಬಲಿಯ ಸ್ಮರಣೆಗೆ ಮತ್ತು ಸ್ತೋತ್ರಕ್ಕೆ ಒತ್ತು ಕೊಡುತ್ತೇವೆ. ಒಂದೇ ಸಾರಿ ಎಂಬುದರಲ್ಲಿ ಭಿನ್ನಾಭಿಪ್ರಾಯವಿಲ್ಲ.

1947ರಲ್ಲಿ ರೂಪುಗೊಂಡ ದಕ್ಷಿಣ ಭಾರತ ಸಭೆಯ ಆರಾಧನಾ ಕ್ರಮದಲ್ಲಿ, ಕಾಣಿಕೆ ತರುವ ಮುನ್ನ ಸಮಾಧಾನದ ವಂದನೆ ಬರುತ್ತದೆ. ಒಬ್ಬರ ಕೈಯನ್ನು ಇನ್ನೊಬ್ಬರು ಹಿಡಿದು ಆ ವಂದನೆಯನ್ನು ಸಾಲಿನುದ್ದಕ್ಕೂ ದಾಟಿಸುತ್ತಾರೆ. ಯೇಸುವಿನ ನೆನಪಿನ ಊಟವಾದ ಕರ್ತನ ಭೋಜನಕ್ಕೆ ಸಿದ್ಧರಾಗುವವರಿಗೆ ಈ ಕ್ರಮದ ಕಾರಣವನ್ನು ನಾನು ಬಿಡಿಸಿ ಹೇಳುತ್ತೇನೆ. ಅಣ್ಣತಮ್ಮಂದಿರ ನಡುವೆ ಆಸ್ತಿಯ ಪಾಲಿನ ಜಗಳವಿದ್ದರೆ, ಕೆಲಸದಾಕೆಯ ಸಂಬಳ ಉಳಿಸಿಕೊಂಡಿದ್ದರೆ, ಆ ವಾರವೇ ಹೋಗಿ ತೀರಿಸಿ ಬನ್ನಿ ಎನ್ನುತ್ತೇನೆ. ಐದನೆಯ ಒಂದು ಭಾಗ ಕೂಡಿಸಿ ಕೊಟ್ಟರೆ ಇನ್ನೂ ಒಳ್ಳೆಯದು.