ಸ್ಟೋರ್-ಕ್ಯಾರಿ-ಫಾರ್ವರ್ಡ್: ಬಸ್ಸಲ್ಲಿ ಬಂದ ಪಹಣಿ

ಸುಮಾರು ಇಪ್ಪತ್ತು ವರ್ಷದ ಹಿಂದೆ ದೊಡ್ಡಬಳ್ಳಾಪುರದ ಕಡೆ ಒಂದು ಸರ್ಕಾರಿ ಬಸ್ಸು ಜನರ ಜೊತೆ ಡೇಟಾವನ್ನೂ ಹೊತ್ತು ಓಡಾಡುತ್ತಿತ್ತು. ಹಳ್ಳಿಯ ಕಿಯಾಸ್ಕ್‌ನಲ್ಲಿ ಯಾರಾದರೂ ಪಹಣಿ ಕೇಳಿದರೆ ಆ ಅರ್ಜಿ ಅಲ್ಲಿನ ಕಂಪ್ಯೂಟರ್‌ನಲ್ಲೇ ಕಾಯುತ್ತಿತ್ತು. ಬಸ್ಸು ಬಂದಾಗ ವೈಫೈ ಮೂಲಕ ಅದರೊಳಗಿನ ಪೆಟ್ಟಿಗೆಗೆ ಹತ್ತಿಕೊಳ್ಳುತ್ತಿತ್ತು. ತಾಲ್ಲೂಕು ಕೇಂದ್ರ ತಲುಪಿದಾಗ, ಜಮೀನು ದಾಖಲೆಗಳಿರುವ ಸರ್ಕಾರದ 'ಭೂಮಿ' ಸರ್ವರ್‌ಗೆ ಇಳಿಯುತ್ತಿತ್ತು. ಬಸ್ಸು ವಾಪಸ್ ಬರುವಾಗ ಪಹಣಿ ಬರುತ್ತಿತ್ತು, ಪ್ರಿಂಟಿಗೆ 15 ರೂಪಾಯಿ. ದಿನಕ್ಕೆ ಮೂರು ಸಲ ಹೋಗಿಬರುವ ಬಸ್ಸು ಅದು. ಎಂಐಟಿ ಮೀಡಿಯಾ ಲ್ಯಾಬ್‌ನವರು ಇದಕ್ಕಿಟ್ಟ ಹೆಸರು ಡಾಕ್‌ನೆಟ್. ಡಾಕ್ ಅಂದರೆ ಅಂಚೆ.

ಊರಿಗೆ ಹೊರಟವರ ಕೈಲಿ ಹಪ್ಪಳ ಕಳಿಸುತ್ತೇವಲ್ಲ, ಅದೇ ಉಪಾಯ. ನೆಟ್‌ವರ್ಕ್‌ನವರ ಮಾತಿನಲ್ಲಿ ಇದು ಸ್ಟೋರ್-ಕ್ಯಾರಿ-ಫಾರ್ವರ್ಡ್: ಇಟ್ಟುಕೋ, ಹೊತ್ತುಕೋ, ದಾಟಿಸು.

ಟವರ್ ಇಲ್ಲದೆ ಸಾಧನಗಳೇ ಒಂದರಿಂದ ಒಂದಕ್ಕೆ ಮೆಸೇಜು ದಾಟಿಸಿಕೊಳ್ಳುವುದು ಆಡ್ ಹಾಕ್ ನೆಟ್‌ವರ್ಕ್. ಎಒಡಿವಿಯಂಥ (AODV) ಮಾಮೂಲಿ ರೂಟಿಂಗ್ ವಿಧಾನಗಳು, ಅಂದರೆ ಮೆಸೇಜಿಗೆ ದಾರಿ ಗೊತ್ತುಮಾಡುವ ವಿಧಾನಗಳು, ಮೊದಲು ಈ ತುದಿಯಿಂದ ಆ ತುದಿಗೆ ಪೂರ್ತಿ ದಾರಿ ಹುಡುಕುತ್ತವೆ. ಸಿಗಲಿಲ್ಲವೆಂದರೆ ಡೇಟಾವನ್ನು ಬಿಸಾಕುತ್ತವೆ. ಆದರೆ ಸಾಧನಗಳು ಅಲ್ಲೊಂದು ಇಲ್ಲೊಂದು ಇರುವ ಕಡೆ ಪೂರ್ತಿ ದಾರಿ ಯಾವತ್ತೂ ಇರದೇ ಹೋಗಬಹುದು. ಮಾಮೂಲಿ ರೂಟಿಂಗ್‌ಗೆ ಓಡಾಟವೇ ತಲೆನೋವು, ಕಟ್ಟಿದ ದಾರಿ ಕಡಿದುಹೋಗುತ್ತೆ. ಸ್ಟೋರ್-ಕ್ಯಾರಿ-ಫಾರ್ವರ್ಡ್‌ನಲ್ಲಿ ಓಡಾಟವೇ ದಾರಿ.

ಬಸ್ಸಿಗೇನೋ ರೂಟು ಗೊತ್ತು. ಜೀಬ್ರಾಗೆ? ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದವರು ಕೀನ್ಯಾದಲ್ಲಿ ಜೀಬ್ರಾಗಳ ಕೊರಳಿಗೆ ಜಿಪಿಎಸ್ ಪಟ್ಟಿ ಕಟ್ಟಿದ್ದರು. ಎರಡು ಜೀಬ್ರಾ ಹತ್ತಿರ ಬಂದರೆ ಪಟ್ಟಿಗಳು ತಂತಮ್ಮ ದಾಖಲೆ ಹಂಚಿಕೊಳ್ಳುವಂತೆ ಮಾಡಿದ್ದರು. ಕೆಲವನ್ನು ಹುಡುಕಿದರೆ ಸಾಕು, ಮಿಕ್ಕವುಗಳ ಸುದ್ದಿಯೂ ಸಿಗಲಿ ಅಂತ. ನನಗಂತೂ ಈ ವಿಷಯದಲ್ಲಿ ಇದಕ್ಕಿಂತ ಚೆಂದದ ಉದಾಹರಣೆ ಕಂಡಿಲ್ಲ.

ಯಾರ ಕೈಗೆ ಕೊಡಬೇಕು ಅನ್ನುವುದೇ ಇಲ್ಲಿ ನಿಜವಾದ ತಲೆಬಿಸಿ. 2000ದಲ್ಲಿ ಡ್ಯೂಕ್ ವಿಶ್ವವಿದ್ಯಾಲಯದ ವಾಹ್ದಾತ್ ಮತ್ತು ಬೆಕರ್ ಮುಂದಿಟ್ಟ 'ಎಪಿಡೆಮಿಕ್ ರೂಟಿಂಗ್' ಸುಮ್ನೆ ಎದುರಾದವರಿಗೆಲ್ಲ ಮೆಸೇಜಿನ ಒಂದೊಂದು ಪ್ರತಿ ಕೊಡುತ್ತೆ, ನೆಗಡಿ ಹರಡಿದ ಹಾಗೆ. ತಲುಪುವ ಸಾಧ್ಯತೆ ಜಾಸ್ತಿ, ಆದರೆ ಎಲ್ಲರ ಮೆಮೊರಿ ತುಂಬುತ್ತೆ, ಬ್ಯಾಟರಿ ಕರಗುತ್ತೆ. 2005ರ 'ಸ್ಪ್ರೇ ಅಂಡ್ ವೇಟ್' ಕೈ ಬಿಗಿ ಹಿಡಿಯಿತು. ಒಟ್ಟು 8 ಪ್ರತಿ ಅಂತಿಟ್ಟುಕೊಳ್ಳಿ. ಮೊದಲು ಸಿಕ್ಕವರಿಗೆ 4 ಕೊಟ್ಟು 4 ಉಳಿಸಿಕೊಳ್ಳುವುದು. ಇಬ್ಬರೂ ಹೀಗೇ ಅರ್ಧರ್ಧ ಹಂಚುತ್ತಾ ಹೋಗುವುದು. ಕೈಯಲ್ಲಿ ಒಂದೇ ಉಳಿದವರು ಇನ್ಯಾರಿಗೂ ಕೊಡುವುದಿಲ್ಲ, ಮೆಸೇಜು ಸೇರಬೇಕಾದವರೇ ಸಿಗುವವರೆಗೆ ಕಾಯುತ್ತಾರೆ.

ಈ ದಾರಿಯಲ್ಲಿ ಫೋನ್ ಕಾಲ್ ಆಗದು ಬಿಡಿ. ಪಹಣಿಯಂಥ, ಸಂಜೆ ಬಂದರೂ ನಡೆಯುವ ಸಾಮಾನಿಗೆ ಇದು ಸರಿ. ಇನ್ನೊಂದು ತಮಾಷೆ ಇದೆ. ಮೆಸೇಜು ಒಂದು ಕಡೆ ತಲುಪಿಯಾಗಿರುತ್ತೆ, ಮಿಕ್ಕ ಪ್ರತಿಗಳಿಗೆ ಅದರ ಸುಳಿವೇ ಇರುವುದಿಲ್ಲ. ಯಾರದೋ ಜೇಬಲ್ಲಿ ಇನ್ನೂ ಸುತ್ತುತ್ತಲೇ ಇರುತ್ತವೆ. ಅದಕ್ಕೇ ಕಳಿಸುವಾಗಲೇ ಮೆಸೇಜಿಗೊಂದು ಗಡುವು ಬರೆದಿಡುತ್ತಾರೆ. ಗಡುವು ಮುಗಿದರೆ ಇದ್ದಲ್ಲೇ ಅಳಿಸಿಹಾಕುವುದು.